ವೀಲ್ ಸ್ಪೇಸರ್

ವೀಲ್ ಸ್ಪೇಸರ್ ಎಂಬುದು ಮೋಟಾರು ವಾಹನದ ಹಬ್ ಮತ್ತು ಚಕ್ರದ ನಡುವೆ ಇರಿಸುವ ಲೋಹದ ಬಿಲ್ಲೆಯಾಗಿದೆ. ಇದು ಚಕ್ರವನ್ನು ಹಬ್‌ನಿಂದ ಹೊರಕ್ಕೆ ಸರಿಸಿ, ಒಂದೇ ಅಚ್ಚಿನ ಎಡ ಮತ್ತು ಬಲ ಚಕ್ರಗಳ ನಡುವಣ ಅಂತರವನ್ನು, ಅಂದರೆ ಟ್ರ್ಯಾಕ್ ಅಗಲವನ್ನು ಹೆಚ್ಚಿಸುತ್ತದೆ. ಪ್ರತಿ ಚಕ್ರಕ್ಕೆ 30 ಮಿ.ಮೀ. ದಪ್ಪದ ಸ್ಪೇಸರ್ ಅಳವಡಿಸಿದಾಗ ಟ್ರ್ಯಾಕ್ ಅಗಲವು ಒಟ್ಟು 60 ಮಿ.ಮೀ. ಹೆಚ್ಚುತ್ತದೆ. ಜೀಪ್ ರ‍್ಯಾಂಗ್ಲರ್, ಸುಜುಕಿ ಜಿಮ್ನಿ, ಟೊಯೊಟಾ ಲ್ಯಾಂಡ್ ಕ್ರೂಸರ್, ಮಹೀಂದ್ರ ಥಾರ್ ಮೊದಲಾದ ಆಫ್-ರೋಡ್ ವಾಹನಗಳ ಮಾಲೀಕರು ದೊಡ್ಡ ಟೈರುಗಳಿಗೆ ಜಾಗ ಮಾಡಿಕೊಳ್ಳಲು ಮತ್ತು ವಾಹನದ ಸ್ಥಿರತೆಯನ್ನು ಹೆಚ್ಚಿಸಲು ಇದನ್ನು ಬಳಸುತ್ತಾರೆ. ಆದರೆ ಚಕ್ರವನ್ನು ವಾಹನಕ್ಕೆ ಹಿಡಿದಿಡುವ ಜೋಡಣೆಯ ನಡುವೆಯೇ ಇದು ಸೇರುವುದರಿಂದ, ಇದರ ಗುಣಮಟ್ಟದಲ್ಲಾಗಲಿ ಅಳವಡಿಕೆಯಲ್ಲಾಗಲಿ ದೋಷವಿದ್ದರೆ ಚಲಿಸುವ ವಾಹನದಿಂದ ಚಕ್ರವೇ ಕಳಚಿಹೋಗುವ ಅಪಾಯವಿದೆ.

ರಚನೆ ಮತ್ತು ವಿಧಗಳು

ಉತ್ತಮ ಗುಣಮಟ್ಟದ ಸ್ಪೇಸರ್‌ಗಳನ್ನು 6061-ಟಿ6 ಅಥವಾ 7075-ಟಿ6 ದರ್ಜೆಯ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯಿಂದ ಯಂತ್ರದಲ್ಲಿ ಕೊರೆದು ತಯಾರಿಸುತ್ತಾರೆ. ಉಕ್ಕಿನ ಸ್ಪೇಸರ್‌ಗಳೂ ಇವೆ. ಅಚ್ಚಿಗೆ ಎರಕ ಹೊಯ್ದು ಮಾಡಿದ ಅಲ್ಯೂಮಿನಿಯಂ ಬಿಲ್ಲೆಗಳು ಅಗ್ಗವಾಗಿದ್ದರೂ, ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುವ ಸಾಧ್ಯತೆಯಿಂದಾಗಿ ಬಿರುಕು ಬಿಡುವ ಸಂಭವ ಹೆಚ್ಚು. ಜೋಡಣೆಯ ರೀತಿಯನ್ನು ಅನುಸರಿಸಿ ಸ್ಪೇಸರ್‌ಗಳಲ್ಲಿ ಎರಡು ಮುಖ್ಯ ವಿಧಗಳಿವೆ.

1. ಸ್ಲಿಪ್-ಆನ್ ಸ್ಪೇಸರ್: ಇದು ರಂಧ್ರಗಳಿರುವ ಸರಳ ಬಿಲ್ಲೆ. ಹಬ್‌ನ ಮೂಲ ಸ್ಟಡ್‌ಗಳೇ ಇದರ ಮೂಲಕ ಹಾದು ಚಕ್ರವನ್ನು ಹಿಡಿದಿಡುತ್ತವೆ. ಬಿಲ್ಲೆ ದಪ್ಪವಾದಷ್ಟೂ ನಟ್ ಹಿಡಿಯಲು ಉಳಿಯುವ ಸ್ಟಡ್‌ನ ಉದ್ದ ಕಡಿಮೆಯಾಗುತ್ತದೆ. ಆದ್ದರಿಂದ ಕೆಲವು ಮಿ.ಮೀ. ದಪ್ಪವನ್ನು ಮೀರಿದ ಬಿಲ್ಲೆಗೆ ಉದ್ದನೆಯ ಸ್ಟಡ್‌ಗಳನ್ನು ಹಾಕಿಸುವುದು ಅನಿವಾರ್ಯ.

2. ಬೋಲ್ಟ್-ಆನ್ ಸ್ಪೇಸರ್: ಇದನ್ನು ಮೊದಲು ಹಬ್‌ನ ಮೂಲ ಸ್ಟಡ್‌ಗಳಿಗೆ ಪ್ರತ್ಯೇಕ ನಟ್‌ಗಳಿಂದ ಬಿಗಿಯಲಾಗುತ್ತದೆ. ಬಳಿಕ ಸ್ಪೇಸರ್‌ನಲ್ಲಿಯೇ ಕೂರಿಸಿರುವ ಹೊಸ ಸ್ಟಡ್‌ಗಳಿಗೆ ಚಕ್ರವನ್ನು ಬಿಗಿಯುತ್ತಾರೆ. ಆಫ್-ರೋಡ್ ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ವಿಧವೇ. ಒಳಗಿನ ನಟ್‌ಗಳೂ ಸ್ಟಡ್‌ಗಳ ತುದಿಗಳೂ ಬಿಲ್ಲೆಯ ದಪ್ಪದೊಳಗೇ ಅಡಗಬೇಕಾದ್ದರಿಂದ ಇವು ಸಾಮಾನ್ಯವಾಗಿ 25 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ದಪ್ಪವಾಗಿರುತ್ತವೆ. ಮೂಲ ಸ್ಟಡ್‌ನ ತುದಿ ಹೊರಚಾಚಿಕೊಂಡರೆ ಚಕ್ರವು ಸ್ಪೇಸರ್‌ನ ಮೇಲೆ ಸಮನಾಗಿ ಕೂರುವುದಿಲ್ಲ. ಚಕ್ರದ ಹಿಂಬದಿಯಲ್ಲಿ ಅದಕ್ಕೆ ತಕ್ಕ ಕುಳಿಗಳಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ಸ್ಪೇಸರ್‌ನ ರಂಧ್ರಗಳ ವಿನ್ಯಾಸವು ವಾಹನದ ಹಬ್‌ಗೆ ಕರಾರುವಾಕ್ಕಾಗಿ ಹೊಂದಬೇಕು. ಸುಜುಕಿ ಜಿಮ್ನಿಯಲ್ಲಿ 139.7 ಮಿ.ಮೀ. ವ್ಯಾಸದ ವೃತ್ತದ ಮೇಲೆ 5 ಸ್ಟಡ್‌ಗಳಿವೆ. ಜೀಪ್ ರ‍್ಯಾಂಗ್ಲರ್‌ನ ಜೆಕೆ ಮತ್ತು ಜೆಎಲ್ ಮಾದರಿಗಳಲ್ಲಿ ಈ ವ್ಯಾಸ 127 ಮಿ.ಮೀ. ಹಬ್‌ನ ಮಧ್ಯದ ಉಬ್ಬಿಗೆ ಒಳಗಿನಿಂದ ಹೊಂದಿಕೊಂಡು, ಚಕ್ರದ ಮಧ್ಯರಂಧ್ರಕ್ಕಾಗಿ ಹೊರಬದಿಯಲ್ಲಿ ಅಂಥದೇ ಉಬ್ಬನ್ನು ಹೊಂದಿರುವ ಸ್ಪೇಸರ್ ಅನ್ನು ಹಬ್-ಸೆಂಟ್ರಿಕ್ ಎನ್ನುತ್ತಾರೆ. ಇದರಲ್ಲಿ ಚಕ್ರವು ತಾನಾಗಿಯೇ ಕೇಂದ್ರದಲ್ಲಿ ಕೂರುತ್ತದೆ. ಈ ಉಬ್ಬು ಇಲ್ಲದ ಸ್ಪೇಸರ್‌ನಲ್ಲಿ ಕೇಂದ್ರೀಕರಣದ ಹೊಣೆಯೆಲ್ಲ ನಟ್‌ಗಳ ಮೇಲೆ ಬೀಳುತ್ತದೆ. ಅಲ್ಪ ವ್ಯತ್ಯಾಸವೂ ವೇಗದಲ್ಲಿ ಕಂಪನವಾಗಿ ತೋರುತ್ತದೆ.

ಕಾರ್ಯವಿಧಾನ

ಚಕ್ರದ ಭಾರವನ್ನು ಸ್ಟಡ್‌ಗಳು ನೇರವಾಗಿ ಹೊರುತ್ತವೆ ಎಂಬುದು ಸಾಮಾನ್ಯ ತಪ್ಪುಗ್ರಹಿಕೆ. ನಟ್‌ಗಳನ್ನು ಬಿಗಿದಾಗ ಸ್ಟಡ್‌ಗಳು ಅತ್ಯಲ್ಪವಾಗಿ ಹಿಗ್ಗಿ, ಚಕ್ರವನ್ನು ಹಬ್‌ಗೆ ಬಲವಾಗಿ ಒತ್ತಿ ಹಿಡಿಯುತ್ತವೆ. ಈ ಒತ್ತಡದಿಂದ ಎರಡು ಮೇಲ್ಮೈಗಳ ನಡುವೆ ಉಂಟಾಗುವ ಘರ್ಷಣೆಯೇ ಎಳೆತ, ಬ್ರೇಕ್ ಮತ್ತು ಭಾರದ ಬಲಗಳನ್ನು ವರ್ಗಾಯಿಸುತ್ತದೆ. ಒತ್ತಡ ಕುಗ್ಗಿದರೆ ಚಕ್ರವು ಹಬ್‌ನ ಮೇಲೆ ಅತ್ತಿತ್ತ ಜಾರತೊಡಗುತ್ತದೆ, ಸ್ಟಡ್‌ಗಳು ಪ್ರತಿ ಸುತ್ತಿನಲ್ಲೂ ಬಾಗಿ ಲೋಹದ ದಣಿವಿನಿಂದ ಒಂದೊಂದಾಗಿ ತುಂಡಾಗುತ್ತವೆ. ಸ್ಪೇಸರ್ ಇಲ್ಲದ ವಾಹನದಲ್ಲಿ ಇಂತಹ ಕೂಡುಮೇಲ್ಮೈ ಒಂದೇ ಇರುತ್ತದೆ. ಸ್ಪೇಸರ್ ಅಳವಡಿಸಿದಾಗ ಅದು ಎರಡಾಗುತ್ತದೆ. ಬೋಲ್ಟ್-ಆನ್ ವಿಧದಲ್ಲಿ ನಟ್‌ಗಳ ಸಂಖ್ಯೆಯೂ ಇಮ್ಮಡಿಯಾಗುತ್ತದೆ. ಇವುಗಳಲ್ಲಿ ಒಳಗಿನ ನಟ್‌ಗಳು ಚಕ್ರದ ಹಿಂದೆ ಮರೆಯಾಗಿರುವುದರಿಂದ ಚಕ್ರ ಬಿಚ್ಚದೆ ಅವುಗಳ ಬಿಗಿತವನ್ನು ಪರೀಕ್ಷಿಸಲಾಗದು.

ಅನುಕೂಲಗಳು

ಟೈರಿಗೆ ಸ್ಥಳಾವಕಾಶ: ಅಗಲವಾದ ಟೈರು ಹಾಕಿದಾಗ ಅದರ ಒಳಬದಿಯು ಸಸ್ಪೆನ್ಷನ್ ತೋಳುಗಳಿಗೆ, ಸ್ಪ್ರಿಂಗ್‌ಗಳಿಗೆ ಅಥವಾ ಚಾಸಿಗೆ ಉಜ್ಜುವುದುಂಟು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಈ ತೊಂದರೆ ಹೆಚ್ಚು. ಸ್ಪೇಸರ್ ಟೈರನ್ನು ಹೊರಕ್ಕೆ ಸರಿಸಿ ಒಳಬದಿಯ ಉಜ್ಜುವಿಕೆಯನ್ನು ನಿವಾರಿಸುತ್ತದೆ. ಹಿಮದಲ್ಲಿ ಅಥವಾ ಕೆಸರಿನಲ್ಲಿ ಟೈರುಗಳಿಗೆ ಸರಪಳಿ ಸುತ್ತುವವರಿಗೂ ಈ ಜಾಗ ಉಪಯುಕ್ತ.

ಪಾರ್ಶ್ವ ಸ್ಥಿರತೆ: ವಾಹನವು ಪಕ್ಕಕ್ಕೆ ಮಗುಚುವುದಕ್ಕೆ ಒಡ್ಡುವ ಪ್ರತಿರೋಧವನ್ನು ಟ್ರ್ಯಾಕ್ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ ಅಂದಾಜು ಮಾಡಬಹುದು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಮಗುಚುವಿಕೆಯ ಶ್ರೇಯಾಂಕಕ್ಕೆ ಬಳಸುವ ಸ್ಥಿರತಾ ಗುಣಾಂಕವೂ ಇದೇ. ಟ್ರ್ಯಾಕ್ ಅಗಲ 1400 ಮಿ.ಮೀ. ಮತ್ತು ಗುರುತ್ವ ಕೇಂದ್ರದ ಎತ್ತರ 700 ಮಿ.ಮೀ. ಇರುವ ವಾಹನವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ಗುಣಾಂಕ 1.00. ಸಸ್ಪೆನ್ಷನ್ ಮತ್ತು ಟೈರುಗಳ ಬಳುಕನ್ನು ಬಿಟ್ಟು ಲೆಕ್ಕಹಾಕಿದರೆ ಅದು 45 ಡಿಗ್ರಿ ಓರೆಯಲ್ಲಿ ಮಗುಚುತ್ತದೆ. 30 ಮಿ.ಮೀ. ಸ್ಪೇಸರ್‌ಗಳನ್ನು ಹಾಕಿದಾಗ ಗುಣಾಂಕ ಸುಮಾರು 1.04ಕ್ಕೂ, ಮಗುಚುವ ಕೋನ ಸುಮಾರು 46.2 ಡಿಗ್ರಿಗೂ ಏರುತ್ತದೆ. ಲಾಭವು ನಿಜವಾದರೂ ಅದು ಒಂದು ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೆ. ಅದೇ ವಾಹನದ ಗುರುತ್ವ ಕೇಂದ್ರವು ಎತ್ತರಿಸಿದ ಸಸ್ಪೆನ್ಷನ್‌ನಿಂದ 50 ಮಿ.ಮೀ. ಮೇಲೇರಿದರೆ, ಸ್ಪೇಸರ್ ಇದ್ದಾಗಲೂ ಮಗುಚುವ ಕೋನ ಸುಮಾರು 44.2 ಡಿಗ್ರಿಗೆ ಇಳಿಯುತ್ತದೆ. ಅಂದರೆ ವಾಹನವನ್ನು ಎತ್ತರಿಸಿದ್ದರಿಂದ ಕಳೆದುಕೊಂಡ ಸ್ಥಿರತೆಯನ್ನು ಈ ದಪ್ಪದ ಸ್ಪೇಸರ್ ಪೂರ್ಣವಾಗಿ ಮರಳಿ ಕೊಡುವುದಿಲ್ಲ.

ಹಿಂದು-ಮುಂದಿನ ಟ್ರ್ಯಾಕ್ ಸಮೀಕರಣ: ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿಗೆ 2007ರಲ್ಲಿ ವಿ8 ಡೀಸೆಲ್ ಎಂಜಿನ್ ಅಳವಡಿಸಿದಾಗ ಮುಂಭಾಗವನ್ನು ಅಗಲಗೊಳಿಸಲಾಯಿತು, ಹಿಂದಿನ ಅಚ್ಚು ಮೊದಲಿನಂತೆ ಕಿರಿದಾಗಿಯೇ ಉಳಿಯಿತು. ಹೀಗಾಗಿ ಹಿಂದಿನ ಟ್ರ್ಯಾಕ್ ಮುಂದಿನದಕ್ಕಿಂತ ಸುಮಾರು 95 ಮಿ.ಮೀ. ಕಡಿಮೆಯಿದೆ. ಮರಳು ಅಥವಾ ಆಳವಾದ ಗಾಲಿಜಾಡಿನಲ್ಲಿ ಹಿಂದಿನ ಚಕ್ರಗಳು ಮುಂದಿನವು ಮಾಡಿಕೊಟ್ಟ ಜಾಡನ್ನು ಹಿಡಿಯದೆ ಹೊಸ ಜಾಡನ್ನು ಒತ್ತಬೇಕಾಗುವುದರಿಂದ ಎಳೆತಕ್ಕೆ ಅಡ್ಡಿ ಹೆಚ್ಚುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಸ್ಪೇಸರ್ ಹಾಕಿ ಈ ಅಂತರವನ್ನು ತುಂಬುವ ರೂಢಿ ಈ ಕಾರಣದಿಂದ ಬೆಳೆಯಿತು.

ವೆಚ್ಚ: ಮೂಲ ಚಕ್ರಗಳನ್ನೇ ಉಳಿಸಿಕೊಂಡು ಅಗಲವನ್ನು ಪಡೆಯಬಹುದಾದ್ದರಿಂದ ಹೊಸ ಚಕ್ರಗಳನ್ನು ಕೊಳ್ಳುವುದಕ್ಕಿಂತ ಇದು ಅಗ್ಗ. ಬೇಡವೆನಿಸಿದಾಗ ಬಿಚ್ಚಿ ಮೊದಲಿನ ಸ್ಥಿತಿಗೆ ತರುವುದೂ ಸುಲಭ.

ಅನಾನುಕೂಲಗಳು

ಬೇರಿಂಗ್ ಮೇಲಿನ ಹೊರೆ: ಚಕ್ರವು ಹೊರಕ್ಕೆ ಸರಿದಂತೆ ಅದರ ಭಾರವು ಹಬ್ ಬೇರಿಂಗ್ ಅನ್ನು ಬಾಗಿಸುವ ಬಲವೂ ಬದಲಾಗುತ್ತದೆ. ಒಂದು ಚಕ್ರದ ಮೇಲೆ 500 ಕಿ.ಗ್ರಾಂ. ಭಾರವಿದ್ದು ಅದು 30 ಮಿ.ಮೀ. ಹೊರಕ್ಕೆ ಸರಿದರೆ, ನಿಂತ ವಾಹನದಲ್ಲಿಯೇ ಸುಮಾರು 147 ನ್ಯೂಟನ್-ಮೀಟರ್‌ನಷ್ಟು ವ್ಯತ್ಯಾಸ ಉಂಟಾಗುತ್ತದೆ. ಗುಂಡಿಗೆ ಇಳಿದಾಗ ಅಥವಾ ಬಂಡೆಯಿಂದ ಕೆಳಗೆ ಬಿದ್ದಾಗ ಇದು ಹಲವು ಪಟ್ಟು ಏರುತ್ತದೆ. ಬೇರಿಂಗ್, ಬಾಲ್ ಜಾಯಿಂಟ್ ಮತ್ತು ಕಿಂಗ್ ಪಿನ್‌ಗಳ ಬಾಳಿಕೆ ಕಡಿಮೆಯಾಗಲು ಇದು ಕಾರಣವಾಗಬಲ್ಲದು. ಈ ಹೊರೆಯು ಸ್ಪೇಸರ್‌ಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಗಮನಿಸಬೇಕು. 45 ಮಿ.ಮೀ. ಆಫ್‌ಸೆಟ್ ಇರುವ ಚಕ್ರಕ್ಕೆ 30 ಮಿ.ಮೀ. ಸ್ಪೇಸರ್ ಹಾಕುವುದೂ, ಅದೇ ಅಗಲದ 15 ಮಿ.ಮೀ. ಆಫ್‌ಸೆಟ್ ಚಕ್ರವನ್ನು ನೇರವಾಗಿ ಹಾಕುವುದೂ ಬೇರಿಂಗ್‌ನ ಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಕೂಡುಮೇಲ್ಮೈ ಮತ್ತು ನಟ್‌ಗಳ ಸಂಖ್ಯೆಯಲ್ಲಿ.

ಸ್ಟೀರಿಂಗ್ ವರ್ತನೆ: ಮುಂದಿನ ಚಕ್ರವು ತಿರುಗುವ ಅಕ್ಷರೇಖೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನೆಲಸ್ಪರ್ಶದ ಮಧ್ಯಭಾಗಕ್ಕೂ ಇರುವ ಅಂತರವನ್ನು ಸ್ಕ್ರಬ್ ತ್ರಿಜ್ಯ ಎನ್ನುತ್ತಾರೆ. ಸ್ಪೇಸರ್‌ನ ದಪ್ಪದಷ್ಟೇ ಟೈರಿನ ಮಧ್ಯಭಾಗ ಹೊರಕ್ಕೆ ಸರಿಯುತ್ತದೆ. ಇದರಿಂದ ಕಲ್ಲಿಗೆ ಬಡಿದಾಗ ಸ್ಟೀರಿಂಗ್ ಕೈಗೆ ಹೊಡೆಯುವ ಪೆಟ್ಟು ಹೆಚ್ಚುತ್ತದೆ. ಒಂದು ಚಕ್ರ ಗಟ್ಟಿ ನೆಲದ ಮೇಲೂ ಇನ್ನೊಂದು ಸಡಿಲ ಮಣ್ಣಿನ ಮೇಲೂ ಇರುವಾಗ ಬ್ರೇಕ್ ಹಾಕಿದರೆ ವಾಹನವು ಒಂದು ಬದಿಗೆ ಎಳೆಯುವ ಪ್ರವೃತ್ತಿ ತೋರುತ್ತದೆ.

ಹೊರಬದಿಯ ಉಜ್ಜುವಿಕೆ: ಒಳಬದಿಯಲ್ಲಿ ದೊರೆತ ಜಾಗವು ಹೊರಬದಿಯಲ್ಲಿ ನಷ್ಟವಾಗುತ್ತದೆ. ಚಕ್ರ ತಿರುಗುವಾಗ ಟೈರು ಇನ್ನೂ ದೊಡ್ಡ ಕಂಸದಲ್ಲಿ ಚಲಿಸಿ ಬಂಪರ್ ಅಥವಾ ಮಡ್‌ಗಾರ್ಡ್‌ಗೆ ತಗಲಬಹುದು. ಸಸ್ಪೆನ್ಷನ್ ಪೂರ್ತಿ ಒತ್ತಲ್ಪಟ್ಟಾಗ ಟೈರು ಮಡ್‌ಗಾರ್ಡ್‌ನ ಅಂಚಿಗೆ ಸಿಕ್ಕಿ ಹರಿಯುವುದೂ ಉಂಟು. ಮಡ್‌ಗಾರ್ಡ್‌ನಿಂದ ಹೊರಚಾಚಿದ ಟೈರು ಕೆಸರನ್ನೂ ಕಲ್ಲುಗಳನ್ನೂ ವಾಹನದ ಮೈಗೆ ಮತ್ತು ಹಿಂದೆ ಬರುವವರ ಮೇಲೆ ಎರಚುತ್ತದೆ.

ಇಕ್ಕಟ್ಟಾದ ಹಾದಿ: ಮರಗಳ ಅಥವಾ ಬಂಡೆಗಳ ನಡುವಿನ ಕಿರಿದಾದ ದಾರಿಯಲ್ಲಿ, ಪ್ರಪಾತದ ಅಂಚಿನಲ್ಲಿ ಹೆಚ್ಚುವರಿ ಅಗಲವೇ ತೊಡಕಾಗುತ್ತದೆ. ಜಿಮ್ನಿಯಂತಹ ವಾಹನಗಳ ಮುಖ್ಯ ಬಲವೇ ಅವುಗಳ ಕಿರಿದಾದ ಮೈ.

ಸಡಿಲಗೊಳ್ಳುವಿಕೆ ಮತ್ತು ತುಕ್ಕು: ನೀರು, ಮರಳು ಮತ್ತು ನಿರಂತರ ಕುಲುಕಾಟವು ಆಫ್-ರೋಡ್ ಬಳಕೆಯಲ್ಲಿ ಸಾಮಾನ್ಯ. ಅಲ್ಯೂಮಿನಿಯಂ ಸ್ಪೇಸರ್ ಮತ್ತು ಉಕ್ಕಿನ ಹಬ್ ತೇವದಲ್ಲಿ ಪರಸ್ಪರ ತಾಗಿರುವಾಗ ವಿದ್ಯುದ್ರಾಸಾಯನಿಕ ಸವೆತ ಉಂಟಾಗಿ ಎರಡೂ ಅಂಟಿಕೊಳ್ಳುತ್ತವೆ. ಹಬ್‌ನ ಮೇಲೆ ತುಕ್ಕಿನ ಪದರವಿದ್ದಾಗಲೇ ಸ್ಪೇಸರ್ ಬಿಗಿದರೆ, ಆ ಪದರವು ಪುಡಿಯಾದಂತೆ ನಟ್‌ಗಳ ಬಿಗಿತ ತಾನಾಗಿ ಕುಗ್ಗುತ್ತದೆ.

ಅಳವಡಿಕೆ ಮತ್ತು ನಿರ್ವಹಣೆ

ಅಳವಡಿಸುವ ಮುನ್ನ ಹಬ್‌ನ ಮುಖವನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತುಕ್ಕು, ಬಣ್ಣ, ಮಣ್ಣುಗಳನ್ನು ಪೂರ್ಣವಾಗಿ ತೆಗೆಯಬೇಕು. ಸ್ಪೇಸರ್ ಹಬ್‌ನ ಮೇಲೆ ಅಲುಗಾಡದೆ ಸಮತಟ್ಟಾಗಿ ಕೂರುವುದನ್ನು ಖಚಿತಪಡಿಸಿಕೊಳ್ಳಬೇಕು. ನಟ್ ಹಿಡಿಯುವ ಎಳೆಗಳ ಉದ್ದವು ಸ್ಟಡ್‌ನ ವ್ಯಾಸಕ್ಕಿಂತ ಕಡಿಮೆ ಇರಬಾರದು ಎಂಬುದು ಸಾಮಾನ್ಯ ನಿಯಮ. 1.5 ಮಿ.ಮೀ. ಎಳೆಯಂತರವಿರುವ 12 ಮಿ.ಮೀ. ಸ್ಟಡ್‌ನಲ್ಲಿ ಇದು 8 ಪೂರ್ಣ ಸುತ್ತುಗಳಿಗೆ ಸಮ. ನಟ್‌ಗಳನ್ನು ನಕ್ಷತ್ರಾಕಾರದ ಅನುಕ್ರಮದಲ್ಲಿ, ಟಾರ್ಕ್ ರೆಂಚ್ ಬಳಸಿ, ನಿಗದಿತ ಪ್ರಮಾಣಕ್ಕೆ ಬಿಗಿಯಬೇಕು. ಗಾಳಿಯೊತ್ತಡದ ಇಂಪ್ಯಾಕ್ಟ್ ಗನ್‌ನಿಂದಷ್ಟೇ ಬಿಗಿದರೆ ಕೆಲವು ನಟ್‌ಗಳು ಅತಿಯಾಗಿ, ಕೆಲವು ಕಡಿಮೆಯಾಗಿ ಬಿಗಿಯುವ ಸಂಭವವಿದೆ. ತಯಾರಕರು ಸೂಚಿಸದ ಹೊರತು ಎಳೆಗಳಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಬಾರದು. ಜಾರುವ ಎಳೆಯಲ್ಲಿ ಅದೇ ಟಾರ್ಕ್ ಸ್ಟಡ್ ಅನ್ನು ಮಿತಿಮೀರಿ ಎಳೆಯುತ್ತದೆ.

ಮೊದಲ 50ರಿಂದ 100 ಕಿ.ಮೀ. ಓಡಿಸಿದ ಬಳಿಕ ಚಕ್ರಗಳನ್ನು ಬಿಚ್ಚಿ ಒಳಗಿನ ನಟ್‌ಗಳನ್ನೂ, ಮರುಜೋಡಿಸಿ ಹೊರಗಿನ ನಟ್‌ಗಳನ್ನೂ ಮತ್ತೆ ಪರೀಕ್ಷಿಸಬೇಕು. ದೀರ್ಘವಾದ ಆಫ್-ರೋಡ್ ಪ್ರಯಾಣದ ನಂತರವೂ ಇದು ಅಗತ್ಯ. ಒಂದರ ಮೇಲೊಂದು ಎರಡು ಸ್ಪೇಸರ್‌ಗಳನ್ನು ಪೇರಿಸುವುದು, ಸ್ಪೇಸರ್ ಬದಲಿಗೆ ವಾಷರ್‌ಗಳನ್ನು ತುರುಕುವುದು ಅತ್ಯಂತ ಅಪಾಯಕಾರಿ. ಹೊಸದಾಗಿ ಕಾಣಿಸಿಕೊಂಡ ಕಂಪನ, ಚಕ್ರದ ಬಳಿ ಟಕಟಕ ಸದ್ದು, ನಟ್‌ಗಳ ಸುತ್ತ ತುಕ್ಕಿನ ಬಣ್ಣದ ಗೆರೆಗಳು ಸಡಿಲಿಕೆಯ ಲಕ್ಷಣಗಳು. ಇವು ಕಂಡಾಗ ವಾಹನವನ್ನು ಕೂಡಲೇ ನಿಲ್ಲಿಸಿ ಪರೀಕ್ಷಿಸಬೇಕು.

ಕಾನೂನು

ಸ್ಪೇಸರ್‌ಗಳ ಕುರಿತ ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ. ಜರ್ಮನಿಯಲ್ಲಿ ಪ್ರಮಾಣಪತ್ರ ಪಡೆದ ಸ್ಪೇಸರ್‌ಗಳ ಬಳಕೆಗೆ ಅವಕಾಶವಿದೆ. ಅನೇಕ ಸಂದರ್ಭಗಳಲ್ಲಿ ಅಧಿಕೃತ ಪರೀಕ್ಷಕರ ತಪಾಸಣೆ ಮತ್ತು ವಾಹನದ ದಾಖಲೆಯಲ್ಲಿ ನಮೂದು ಕಡ್ಡಾಯ. ಪೋರ್ಷೆ ಸಂಸ್ಥೆಯು ತನ್ನ ಕೆಲವು ಮಾದರಿಗಳಿಗೆ ತಾನೇ ಸ್ಪೇಸರ್‌ಗಳನ್ನು ಒದಗಿಸಿದೆ. ಆಸ್ಟ್ರೇಲಿಯಾದ ಲಘು ವಾಹನ ಮಾರ್ಪಾಡು ಸಂಹಿತೆಯು ಮೂಲ ತಯಾರಕರು ಅಳವಡಿಸದ ಸ್ಪೇಸರ್‌ಗಳಿಗೆ ಸಾಮಾನ್ಯವಾಗಿ ಅನುಮತಿ ನೀಡುವುದಿಲ್ಲ.

ಭಾರತದ ಮೋಟಾರು ವಾಹನ ಕಾಯಿದೆ, 1988ರಲ್ಲಿ ವೀಲ್ ಸ್ಪೇಸರ್‌ನ ಪ್ರತ್ಯೇಕ ಉಲ್ಲೇಖವಿಲ್ಲ. ಆದರೆ ಅದರ 52ನೇ ವಿಧಿಯು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ವಿಧಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ವಾಹನದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಘೋಷಿಸದ ಮಾರ್ಪಾಡು ಅಪಘಾತದ ನಂತರ ವಿಮಾ ಪರಿಹಾರದ ವಿವಾದಕ್ಕೂ ಎಡೆಮಾಡಿಕೊಡಬಹುದು.

ಪರ್ಯಾಯಗಳು

ಕಡಿಮೆ ಆಫ್‌ಸೆಟ್ ಇರುವ ಚಕ್ರಗಳು ಸ್ಪೇಸರ್‌ನ ಮುಖ್ಯ ಪರ್ಯಾಯ. ಬೇರಿಂಗ್ ಹಾಗೂ ಸ್ಟೀರಿಂಗ್ ಮೇಲಿನ ಪರಿಣಾಮ ಇವುಗಳಲ್ಲಿಯೂ ಇದ್ದರೂ, ಹೆಚ್ಚುವರಿ ಕೂಡುಮೇಲ್ಮೈ ಮತ್ತು ಮರೆಯಾದ ನಟ್‌ಗಳ ಅಪಾಯ ಇರುವುದಿಲ್ಲ. ಲ್ಯಾಂಡ್ ಕ್ರೂಸರ್ 70 ಸರಣಿಯಲ್ಲಿ ಹಿಂದಿನ ಅಚ್ಚಿನ ಕವಚವನ್ನೇ ಅಗಲಗೊಳಿಸುವ ದುಬಾರಿ ಪರಿಹಾರವೂ ಬಳಕೆಯಲ್ಲಿದೆ. ಪೂರ್ತಿ ತಿರುವಿನಲ್ಲಿ ಮಾತ್ರ ಟೈರು ಉಜ್ಜುತ್ತಿದ್ದರೆ, ಸ್ಟೀರಿಂಗ್‌ನ ತಡೆ ತಿರುಪನ್ನು ಸರಿಹೊಂದಿಸಿ ತಿರುವಿನ ಮಿತಿಯನ್ನು ತುಸು ತಗ್ಗಿಸಿದರೂ ಸಾಕಾಗಬಹುದು. ಹಲವು ಸಂದರ್ಭಗಳಲ್ಲಿ ಟೈರಿನ ಅಗಲವನ್ನು ಒಂದು ಅಳತೆ ಕಡಿಮೆ ಮಾಡಿದರೆ ಸ್ಪೇಸರ್‌ನ ಅಗತ್ಯವೇ ಬೀಳುವುದಿಲ್ಲ.