ಅಡಿಕೆ ತೋಟದ ಹುಡುಗರು ಕಟ್ಟಿದ ರಂಗಮಹಲು!

ಗೋಕಾಕ, ಮೂಡಲಗಿ, ಹುಕ್ಕೇರಿಯ ತರುಣರೇ, ಓದಿ ನೋಡ್ರಿ... ಇದು ನಿಮ್ಮಿಂದ ಆಗದ ಕೆಲಸವೇ?

‘ಲೂಸಿಯಾ’ದ ನಾಯಕ ಸತೀಶ್ ಯಾರಿಗೆ ಗೊತ್ತಿಲ್ಲ? ಆದರೆ ಅವರ ಹೆಸರಿಗೆ ‘ನೀನಾಸಂ’ ಅಂತ ಅಂಟಿಕೊಂಡಿದೆಯಲ್ಲ, ಅದೇನು? ಊರ ಹೆಸರೇ? ಮನೆತನದ ಹೆಸರೇ? ಎರಡೂ ಅಲ್ಲ ಸ್ವಾಮಿ! ಅದೊಂದು ಹಳ್ಳಿ ಹುಡುಗರ ಸಂಘದ ಹೆಸರು. ಪಾತ್ರ ಯಾವುದೇ ಇರಲಿ, ನೀರು ಕುಡಿದಷ್ಟು ಸಲೀಸಾಗಿ ಮಾಡಿ ಮುಗಿಸುವ ಅಚ್ಯುತ್ ಕುಮಾರ್ ಇದ್ದಾರಲ್ಲ, ನಗಿಸಿ ನಗಿಸಿ ಸುಸ್ತು ಮಾಡುವ ಮಂಡ್ಯ ರಮೇಶ್ ಇದ್ದಾರಲ್ಲ, ಅವರೂ ಅದೇ ಗರಡಿಯಲ್ಲಿ ಪಳಗಿದವರು.

ಗಾಂಧಿನಗರಕ್ಕೆ ಇಂಥ ನಟರನ್ನು ಕೊಟ್ಟ ಆ ಗರಡಿ ಬೆಂಗಳೂರಿನಲ್ಲಿಲ್ಲ. ಮೈಸೂರಿನಲ್ಲೂ ಇಲ್ಲ. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡು ಎಂಬ ಪುಟ್ಟ ಹಳ್ಳಿಯಲ್ಲಿದೆ. ಸುತ್ತ ಅಡಿಕೆ ತೋಟ. ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ.

ಹದಿನೇಳರ ಹುಡುಗ, ಊರ ಗೆಳೆಯರು

1949. ಸ್ವಾತಂತ್ರ್ಯ ಬಂದು ಎರಡೇ ವರ್ಷ. ಹೆಗ್ಗೋಡಿನ ಉತ್ಸಾಹಿಗಳು ಸೇರಿ ಒಂದು ಸಂಘ ಕಟ್ಟಿದರು. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಉದ್ದ ಹೆಸರು ಕುಗ್ಗಿ ಕುಗ್ಗಿ ‘ನೀನಾಸಂ’ ಆಯಿತು. ಅವರಲ್ಲೊಬ್ಬ ಕೆ.ವಿ. ಸುಬ್ಬಣ್ಣ. ಹುಟ್ಟಿದ್ದು 1932ರಲ್ಲಿ. ಲೆಕ್ಕ ಹಾಕಿ ನೋಡಿ, ಆಗಿನ್ನೂ ಹದಿನೇಳರ ಪ್ರಾಯ!

ಸುಬ್ಬಣ್ಣ ಆಮೇಲೆ ಮೈಸೂರಿಗೆ ಹೋಗಿ ಮಹಾರಾಜಾ ಕಾಲೇಜಿನಲ್ಲಿ ಓದಿದರು. ಕುವೆಂಪು ಅವರಂಥ ಗುರುಗಳು. ಡಿಗ್ರಿ ಕೈಗೆ ಬಂದ ಮೇಲೆ ಪೇಟೆಯಲ್ಲೇ ಒಂದು ನೌಕರಿ ಹಿಡಿದು ಕೂತಿದ್ದರೆ ಯಾರು ಬೇಡ ಅಂತಿದ್ದರು? ಆದರೆ ಪುಣ್ಯಾತ್ಮ ವಾಪಸು ಹೆಗ್ಗೋಡಿಗೇ ಬಂದರು. ಹಗಲು ತೋಟದ ಕೆಲಸ, ಸಂಜೆಯಾದರೆ ತಾಲೀಮು! ಮುಖಕ್ಕೆ ಬಣ್ಣ ಹಚ್ಚಿದವರು ಊರವರೇ, ಪರದೆ ಎಳೆದವರು ಊರವರೇ, ಎದುರಿಗೆ ಕೂತು ಚಪ್ಪಾಳೆ ತಟ್ಟಿದವರೂ ಊರವರೇ.

ಸಂಘ ಹುಟ್ಟಿ ಇಪ್ಪತ್ತಮೂರು ವರ್ಷಕ್ಕೆ, 1972ರಲ್ಲಿ, ಸ್ವಂತ ರಂಗಮಂದಿರ ಎದ್ದು ನಿಂತಿತು. ಶಿವರಾಮ ಕಾರಂತರ ಹೆಸರಿಟ್ಟರು. ಇಪ್ಪತ್ತಮೂರು ವರ್ಷ ಅಂದರೆ ಹುಡುಗಾಟವಲ್ಲ. ಆಗ ಸೇರಿದ್ದ ಹುಡುಗರ ಮಕ್ಕಳೇ ಬಣ್ಣ ಹಚ್ಚುವಷ್ಟು ಕಾಲ! ಆದರೂ ಸಂಘ ಒಡೆಯಲಿಲ್ಲ.

ಹಳ್ಳಿಗೆ ಬಂದ ಕುರೊಸಾವಾ!

ಸಿನಿಮಾ ಪ್ರಿಯರೇ, ನಿಮಗೆ ಬೇಕಾದ ಕಥೆ ಇಲ್ಲಿಂದ ಶುರು.

1973ರಲ್ಲಿ ಇದೇ ಸಂಘ ‘ಚಿತ್ರಸಮಾಜ’ ಆರಂಭಿಸಿತು. ಅಂದರೆ ಹಳ್ಳಿಯಲ್ಲಿ ಫಿಲ್ಮ್ ಸೊಸೈಟಿ! ಅಲ್ಲಿಯ ತನಕ ಫಿಲ್ಮ್ ಸೊಸೈಟಿ ಅಂದರೆ ಪಟ್ಟಣದ ಇಂಗ್ಲಿಷ್ ಬಲ್ಲವರ ಸೊತ್ತು ಅಂತಲೇ ಲೆಕ್ಕ. ಹೆಗ್ಗೋಡಿನ ಮಂದಿ ಜಪಾನಿನ ಕುರೊಸಾವಾ, ಇಟಲಿಯ ಡಿ ಸಿಕಾ, ಬಂಗಾಳದ ಸತ್ಯಜಿತ್ ರೇ ಅವರ ಚಿತ್ರಗಳನ್ನು ತರಿಸಿ, ಊರವರನ್ನು ಕೂರಿಸಿ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಪ್ರೊಫೆಸರ್ ಸತೀಶ್ ಬಹಾದುರ್ ಬಂದು ‘ಚಿತ್ರ ನೋಡುವುದು ಹೇಗೆ’ ಅಂತ ಶಿಬಿರ ನಡೆಸಿದರು.

‘ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ತದೆ ಬಿಡ್ರಿ’ ಅಂತ ಮೂಗು ಮುರಿಯುವವರು ಎಲ್ಲ ಕಾಲಕ್ಕೂ ಇದ್ದಾರೆ. ಯಾಕೆ ಅರ್ಥ ಆಗಬಾರದು? ‘ಬೈಸಿಕಲ್ ಥೀವ್ಸ್’ನಲ್ಲಿ ಏನಿದೆ? ಕಷ್ಟಪಟ್ಟು ಒಂದು ಕೆಲಸ ಸಿಕ್ಕಿದೆ. ಆ ಕೆಲಸಕ್ಕೆ ಸೈಕಲ್ ಬೇಕೇ ಬೇಕು. ಮೊದಲ ದಿನವೇ ಸೈಕಲ್ ಕಳವು! ಬಡವ ತನ್ನ ಮಗನ ಕೈ ಹಿಡಿದು ರೋಮ್ ಪಟ್ಟಣವೆಲ್ಲ ಹುಡುಕುತ್ತಾನೆ. ಇದು ಅರ್ಥವಾಗಲಿಕ್ಕೆ ಇಟಾಲಿಯನ್ ಭಾಷೆ ಬೇಕೇನ್ರೀ? ‘ರಶೋಮನ್’ ನೋಡಿ. ಕಾಡಿನಲ್ಲೊಂದು ಕೊಲೆ, ನಾಲ್ಕು ಬಾಯಲ್ಲಿ ನಾಲ್ಕು ಕಥೆ. ಊರ ಪಂಚಾಯ್ತಿ ಕಟ್ಟೆಯಲ್ಲಿ ಒಂದು ದಿನ ಕೂತು ಜಗಳ ಕೇಳಿದವನಿಗೆ ಇದು ಹೊಸದೇ?

ಊರು ದಾಟಿದ ತಿರುಗಾಟ

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಒಂದು ವರ್ಷದ ಪಾಠ. ಅಭಿನಯ, ಮಾತು, ಬೆಳಕು, ಬಣ್ಣ ಎಲ್ಲ ಕಲಿಸುತ್ತಾರೆ. ಸತೀಶ್, ಅಚ್ಯುತ್, ರಮೇಶ್ ಕಲಿತದ್ದು ಇಲ್ಲೇ. 1983ರಿಂದ 85ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ಎಂಬ ಯೋಜನೆ ನಡೆಯಿತು. ನಾಟಕ, ಸಿನಿಮಾ ಎರಡನ್ನೂ ಹೊತ್ತು ಕರ್ನಾಟಕದ ಊರೂರಿಗೆ ಹೋದರು. ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಜನಾಂಗದವರೇ ಬಣ್ಣ ಹಚ್ಚಿ, ಆಫ್ರಿಕದ ಚಿನುವಾ ಅಚೆಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿದರು. ಅವರ ಪೂರ್ವಿಕರು ಬಂದದ್ದೂ ಆಫ್ರಿಕದಿಂದಲೇ!

ಹೊರಗಿನ ಹಣ ಎಷ್ಟು ದಿನ ಬಂದೀತು? ಯೋಜನೆ ಮುಗಿದರೆ ಅದೂ ಮುಗಿಯಿತು. ಬಹಳ ಸಂಘಗಳು ಕಣ್ಣು ಮುಚ್ಚುವುದು ಇಂಥ ಹೊತ್ತಿನಲ್ಲೇ. ಆದರೆ ನೀನಾಸಂ 1985ರಲ್ಲಿ ‘ತಿರುಗಾಟ’ ಹೊರಡಿಸಿತು. ಮಳೆಗಾಲದಲ್ಲಿ ತಾಲೀಮು, ಬಳಿಕ ತಿಂಗಳುಗಟ್ಟಲೆ ಸಂಚಾರ. ಪರದೆ, ದೀಪ, ವೇಷ ಎಲ್ಲ ಜೊತೆಗೇ. ಆಯಾ ಊರಿನ ಸಂಘದ ಹುಡುಗರು ಟಿಕೆಟು ಮಾರಿ, ಊಟ-ವಸತಿ ನೋಡಿಕೊಂಡರೆ ಆಯಿತು, ನಾಟಕ ನಿಮ್ಮೂರಿನಲ್ಲಿ! ಗುಟ್ಟು ಇಲ್ಲೇ ಇದೆ ನೋಡಿ. ಒಂದು ಊರಿನ ಸಂಘವನ್ನು ನೂರು ಊರಿನ ಸಂಘಗಳು ಹೆಗಲು ಕೊಟ್ಟು ನಡೆಸುತ್ತವೆ.

1991ರಲ್ಲಿ ಸುಬ್ಬಣ್ಣನವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡರು. ಯಜಮಾನ ಹೋದ ಮೇಲೆ ಕಂಪನಿ ಮುಳುಗುವುದು ನಾಟಕದವರ ಹಳೇ ಕಥೆ. ಇಲ್ಲಿ ಹಾಗಾಗಲಿಲ್ಲ. ಶಾಲೆ ನಿಲ್ಲಲಿಲ್ಲ, ತಿರುಗಾಟವೂ ನಿಲ್ಲಲಿಲ್ಲ. ಒಬ್ಬನ ಕೈಯಲ್ಲೇ ಎಲ್ಲ ಬೀಗದ ಕೈ ಇಟ್ಟಿದ್ದರೆ ಇದು ಸಾಧ್ಯವಿತ್ತೇ?

ಪಾರಿಜಾತದ ಸೀಮೆಗೆ ಏನು ಕಡಿಮೆ?

ಈಗ ನಮ್ಮ ಸೀಮೆಗೆ ಬರೋಣ. ‘ಅದು ಮಲೆನಾಡು, ಅಡಿಕೆ ರೊಕ್ಕ ಐತಿ, ಅಲ್ಲಿ ನಡೀತದ. ನಮ್ಮಲ್ಲಿ ಆಗೂದಿಲ್ಲ ಬಿಡ್ರಿ’ ಅಂತೀರೇನು? ತಡೀರಿ!

ಶ್ರೀಕೃಷ್ಣ ಪಾರಿಜಾತ ಯಾವ ಮಣ್ಣಿನ ಆಟ? ಅದಕ್ಕೆ ರಂಗದ ರೂಪ ಕೊಟ್ಟ ತಮ್ಮಣ್ಣನ ಊರು ಕುಲಗೋಡ, ಈಗಿನ ಮೂಡಲಗಿ ತಾಲೂಕು. ಆ ಆಟವನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮ ಇದೇ ಸೀಮೆಯ ಹೆಣ್ಣುಮಗಳು. ಭಾಗವತ ಹಾಡು ಎತ್ತಿದರೆ, ಸತ್ಯಭಾಮೆ ಮುನಿಸಿಕೊಂಡರೆ, ಕೃಷ್ಣ ಕೊರವಂಜಿ ವೇಷದಲ್ಲಿ ಬಂದರೆ, ಜನ ಬೆಳಗಾಗುವ ತನಕ ಬಯಲಲ್ಲಿ ಕೂತಿರುತ್ತಿದ್ದರು. ಅದಕ್ಕೆ ಯಾವ ಸರಕಾರದ ಭವನ ಬೇಕಿತ್ತು?

ಹುಕ್ಕೇರಿಯವರೇ, ನಿಮ್ಮ ಮನೆಯ ದೀಪ ಉರಿಯುವುದು ಯಾರಿಂದ? 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ. ದೇಶದಲ್ಲೇ ಮೊದಮೊದಲು ಹುಟ್ಟಿದ ಇಂಥ ಸಂಘಗಳಲ್ಲಿ ಅದೂ ಒಂದು. ಸದಸ್ಯರದೇ ಸಂಘ! ಕರೆಂಟನ್ನೇ ಸಂಘ ಕಟ್ಟಿ ಹಂಚಿಕೊಂಡ ತಾಲೂಕಿಗೆ ಒಂದು ಪರದೆ ಕಟ್ಟಿ ಸಿನಿಮಾ ತೋರಿಸುವುದು ದೊಡ್ಡ ಮಾತೇ?

ಇನ್ನೊಂದು ಮಾತು. ಹೆಗ್ಗೋಡಿಗೆ ಪುಣೆ ಬಹಳ ದೂರ. ಗೋಕಾಕಿಗೆ ಅದಕ್ಕಿಂತ ಎಷ್ಟೋ ಹತ್ತಿರ!

ಕಟೌಟಿನ ಹಣ ಉಳಿದರೆ?

ನಮ್ಮ ಹುಡುಗರಿಗೆ ಸಂಘ ಕಟ್ಟುವುದು ಗೊತ್ತಿಲ್ಲ ಅಂತ ಯಾರೂ ಹೇಳುವಂತಿಲ್ಲ. ಓಣಿಗೊಂದು ತರುಣ ಸಂಘ, ಹೀರೋಗೊಂದು ಅಭಿಮಾನಿ ಸಂಘ. ಗಣಪತಿ ಕೂರಿಸುತ್ತಾರೆ, ಕಟೌಟಿಗೆ ಹಾರ ಹಾಕುತ್ತಾರೆ, ಹಾಲು ಸುರಿಯುತ್ತಾರೆ. ಪಟ್ಟಿ ಎತ್ತುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹಬ್ಬ ಮುಗಿಯಿತೋ, ಲೆಕ್ಕದ ಜಗಳ ಶುರು! ಎರಡು ಬಣ, ಎರಡು ಬೋರ್ಡು, ಕೊನೆಗೆ ಎರಡಕ್ಕೂ ಬೀಗ.

ಇತ್ತ ಒಂಟಿ ಪರದೆಯ ಟಾಕೀಸುಗಳು ರಾಜ್ಯದಲ್ಲಿ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನೂರು ಜನ ಒಟ್ಟಿಗೆ ಕೂತು ಶಿಳ್ಳೆ ಹೊಡೆದು ನೋಡುತ್ತಿದ್ದ ಚಿತ್ರವನ್ನು ಈಗ ಒಬ್ಬೊಬ್ಬನೇ ಮೂಲೆ ಹಿಡಿದು ಮೊಬೈಲಿನಲ್ಲಿ ನೋಡುತ್ತಿದ್ದಾನೆ. ನೋಡಿದ ಮೇಲೆ ಮಾತಾಡಲಿಕ್ಕೆ ಪಕ್ಕದಲ್ಲಿ ಯಾರಿದ್ದಾರೆ?

ಬೇಕಾದದ್ದು ಬಹಳ ಇಲ್ಲ. ಒಂದು ಕೋಣೆ. ಒಂದು ಬಿಳಿ ಗೋಡೆ. ತಿಂಗಳಿಗೊಂದು ಚಿತ್ರ, ಹಕ್ಕುದಾರರ ಅನುಮತಿ ಪಡೆದೇ ತೋರಿಸಿ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ. ವರ್ಷಕ್ಕೊಂದು ನಾಟಕ. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ಲೆಕ್ಕದ ವಹಿ! ಅಧ್ಯಕ್ಷಗಿರಿ ಸರದಿಯ ಮೇಲೆ ಬರಲಿ. ಕಸ ಗುಡಿಸುವ ಸರದಿ ಅಧ್ಯಕ್ಷನಿಗೂ ಬರಲಿ. ದಾರಿ ಕೇಳಬೇಕೆಂದರೆ, 1959ರಲ್ಲಿ ಸತ್ಯಜಿತ್ ರೇ ಮುಂದಾಳಾಗಿ ಕಟ್ಟಿದ ಫಿಲ್ಮ್ ಸೊಸೈಟಿಗಳ ಒಕ್ಕೂಟ ಇದೆ, ಹೆಗ್ಗೋಡಂತೂ ಇದ್ದೇ ಇದೆ.

ನೆನಪಿರಲಿ, ‘ಲೂಸಿಯಾ’ಗೆ ದುಡ್ಡು ಹಾಕಿದ್ದು ಯಾವ ದೊಡ್ಡ ಸೇಠನೂ ಅಲ್ಲ. ನಿರ್ದೇಶಕ ಪವನ್ ಕುಮಾರ್ ಕೈಚಾಚಿದಾಗ ಪ್ರೇಕ್ಷಕರೇ ಹಣ ಕೂಡಿಸಿ 2013ರಲ್ಲಿ ಅದನ್ನು ತೆರೆಗೆ ತಂದರು. ನಾಯಕನೋ, ಹಳ್ಳಿಯ ಸಂಘದಲ್ಲಿ ತಯಾರಾದವನು.

ಮುಂದಿನ ಸತೀಶ್ ನಿಮ್ಮ ಓಣಿಯಲ್ಲೇ ಇರಬಹುದು. ಅವನಿಗೆ ಬಣ್ಣ ಹಚ್ಚಿಕೊಳ್ಳಲು ಒಂದು ಜಾಗ ಬೇಕು. ಕೋಣೆಯ ಬೀಗ ತೆಗೆಯುವವರು ಯಾರು? ಗೋಕಾಕದವರೋ, ಮೂಡಲಗಿಯವರೋ, ಹುಕ್ಕೇರಿಯವರೋ... ಮೊದಲು ಯಾರು ಅಂತ ನೋಡೇಬಿಡೋಣ!