ನಿಂತಲ್ಲೇ ಓಡುವ ಬೈಸಿಕಲ್ಲು

ಹಿಮ ಸುರಿಯುವ ನಾಡುಗಳಲ್ಲಿ ಚಳಿಗಾಲ ಬಂತೆಂದರೆ ಬೈಸಿಕಲ್ ಪಟುಗಳು ಬೀದಿಯನ್ನು ಬಿಟ್ಟು ಮನೆಯೊಳಗೆ ಸೇರುತ್ತಾರೆ. ಅಭ್ಯಾಸವನ್ನು ಮಾತ್ರ ಬಿಡುವುದಿಲ್ಲ. ಬೈಸಿಕಲ್ಲಿನ ಹಿಂಭಾಗವನ್ನು ‘ಟ್ರೈನರ್’ ಎಂಬ ಸಾಧನಕ್ಕೆ ಬಿಗಿದು, ಎದುರಿಗೆ ಗಣಕಯಂತ್ರದ ಪರದೆಯನ್ನಿರಿಸಿಕೊಂಡು ಗಂಟೆಗಟ್ಟಲೆ ಪೆಡಲು ತುಳಿಯುತ್ತಾರೆ. ಪರದೆಯ ಮೇಲೆ ಕಾಲ್ಪನಿಕ ರಸ್ತೆಯೊಂದು ಹಿಂದೆ ಸರಿಯುತ್ತಿರುತ್ತದೆ. ಹೊಸಬನಿಗೆ ಅಲ್ಲೊಂದು ಸೋಜಿಗ ಕಾದಿರುತ್ತದೆ. ಸಾಧನವು ಗಂಟೆಗೆ 30 ಕಿಲೋಮೀಟರ್ ಎಂದು ತೋರಿಸುತ್ತಿರುವಾಗಲೇ ಪರದೆಯು 9 ಎನ್ನಬಹುದು! ಇವೆರಡರಲ್ಲಿ ಯಾವುದು ನಿಜ?

ಸಾಧನದ ಲೆಕ್ಕ ಸರಳವಾದುದು. ಗಾಲಿಯ ಸುತ್ತಳತೆಯನ್ನು ಅದರ ಸುತ್ತುಗಳ ಸಂಖ್ಯೆಯಿಂದ ಗುಣಿಸಿದರೆ ದೂರ ದೊರೆಯುತ್ತದೆ. ಪಂದ್ಯದ ಬೈಸಿಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರು. ಅದು ಸೆಕೆಂಡಿಗೆ ನಾಲ್ಕು ಸಲ ಸುತ್ತಿದರೆ ವೇಗವು ಗಂಟೆಗೆ 30 ಕಿಲೋಮೀಟರಿಗಿಂತ ತುಸು ಹೆಚ್ಚು. ಆದರೆ ಈ ಗಾಲಿ ಎಲ್ಲಿಗೂ ಹೋಗುತ್ತಿಲ್ಲ. ಅದು ಗಾಳಿಯನ್ನು ಸೀಳಬೇಕಾಗಿಲ್ಲ. ಸವಾರನ ಭಾರವನ್ನು ದಿಬ್ಬದ ಮೇಲಕ್ಕೆ ಒಯ್ಯಬೇಕಾಗಿಲ್ಲ. ತಡೆಯನ್ನು ತಾನಾಗಿಯೇ ಹೊಂದಿಸುವ ಸಾಧನವಾದರಂತೂ, ಶ್ರಮ ಅಷ್ಟೇ ಇದ್ದರೂ ಗೇರು ಬದಲಿಸಿದ ಮಾತ್ರಕ್ಕೆ ಗಾಲಿಯ ವೇಗ ಬದಲಾಗುತ್ತದೆ.

ಝ್ವಿಫ್ಟ್‌ನಂತಹ ಆ್ಯಪ್‌ಗಳ ದಾರಿ ಬೇರೆ. ಸವಾರನು ಎಷ್ಟು ವಾಟ್ ಸಾಮರ್ಥ್ಯದಿಂದ ತುಳಿಯುತ್ತಿದ್ದಾನೆ ಎಂಬುದನ್ನು ಅವು ಸಾಧನದಿಂದ ಪಡೆಯುತ್ತವೆ. ಅವನ ತೂಕ, ರಸ್ತೆಯ ಏರಿಳಿತ, ಗಾಳಿಯ ತಡೆ, ಟಯರಿಗೂ ನೆಲಕ್ಕೂ ನಡುವಣ ತಡೆ ಇವನ್ನೆಲ್ಲ ಸೇರಿಸಿ, ನಿಜವಾದ ರಸ್ತೆಯಲ್ಲಾಗಿದ್ದರೆ ಎಷ್ಟು ವೇಗ ಬರುತ್ತಿತ್ತೆಂದು ಗಣಿಸುತ್ತವೆ. ಬೈಸಿಕಲ್ಲೂ ಸೇರಿ 80 ಕಿಲೋಗ್ರಾಂ ತೂಗುವ ಸವಾರನು 200 ವಾಟ್ ಸಾಮರ್ಥ್ಯದಿಂದ ತುಳಿದನೆನ್ನೋಣ. 100 ಮೀಟರಿಗೆ 10 ಮೀಟರ್ ಏರುವ ದಾರಿಯಲ್ಲಿ ಅವನ ವೇಗ ಗಂಟೆಗೆ ಸುಮಾರು 9 ಕಿಲೋಮೀಟರ್ ಮಾತ್ರ. ಸಮತಟ್ಟಾದ ನೆಲದಲ್ಲಿ ಅಷ್ಟೇ ತುಳಿತಕ್ಕೆ 30ನ್ನೂ ಮೀರಬಹುದು. ಅಲ್ಲಿ ಎದುರಾಳಿ ಗಾಳಿ. ವೇಗವು ಇಮ್ಮಡಿಯಾದರೆ ಗಾಳಿಯನ್ನು ಎದುರಿಸಲು ಬೇಕಾಗುವ ಸಾಮರ್ಥ್ಯ ಎಂಟು ಮಡಿಯಾಗುತ್ತದೆ. ಇಳಿಜಾರಿನಲ್ಲಿ ಇದಕ್ಕೆ ವಿರುದ್ಧವಾದ ವಿನೋದ: ಸವಾರನು ಕಾಲು ನಿಲ್ಲಿಸಿದರೆ ಗಾಲಿ ನಿಲ್ಲುತ್ತದೆ, ಪರದೆಯ ಮೇಲಿನವನು ಧಾವಿಸುತ್ತಲೇ ಇರುತ್ತಾನೆ.

ನಿಜ ಹೇಳಬೇಕೆಂದರೆ ಸವಾರನ ವೇಗ ಸೊನ್ನೆ. ಆದರೂ ರಸ್ತೆಯ ಅನುಭವಕ್ಕೆ ಆ್ಯಪ್‌ನ ಅಂಕಿಯೇ ಹತ್ತಿರ. ಅದೂ ತೂಕವನ್ನು ಪ್ರಾಮಾಣಿಕವಾಗಿ ಬರೆದಿದ್ದರೆ. ಮೇಲೆ ಹೇಳಿದ ಸವಾರನು 10 ಕಿಲೋಗ್ರಾಂ ಬಚ್ಚಿಟ್ಟರೆ, ಏರುದಾರಿಯಲ್ಲಿ ಅವನ ವೇಗ 9ರಿಂದ 10ಕ್ಕೆ ಏರುತ್ತದೆ. ಇಂತಹ ಓಟಗಳಿಗೂ ಇಂದು ಪದಕಗಳಿವೆ. 2020ರ ಡಿಸೆಂಬರಿನಲ್ಲಿ ನಡೆದ ಪ್ರಥಮ ವಿಶ್ವ ಸ್ಪರ್ಧೆಯಲ್ಲಿ ಜರ್ಮನಿಯ ಜೇಸನ್ ಆಸ್ಬೋರ್ನ್ ಪುರುಷರ ವಿಭಾಗದಲ್ಲಿ ಗೆದ್ದನು. ಆತ ಮೂಲತಃ ದೋಣಿ ಸ್ಪರ್ಧೆಯ ಪಟು. ಅಂದು ಸ್ಪರ್ಧಿಗಳೆಲ್ಲರೂ ತಂತಮ್ಮ ಊರುಗಳಲ್ಲಿಯೇ ಕುಳಿತು, ತಮಗೆ ಒದಗಿಸಲಾಗಿದ್ದ ಒಂದೇ ಮಾದರಿಯ ಟ್ರೈನರುಗಳ ಮೇಲೆ ತುಳಿದರು.