ಉರಿಯೂತದ ಅಂಕಿ: ಇಂದು 48, ವಾರ ಕಳೆದರೆ 3

ಮಗುವಿಗೆ ಮೂರು ದಿನದಿಂದ ಜ್ವರ. ಲ್ಯಾಬಿನ ಚೀಟಿಯಲ್ಲಿ ಸಿಆರ್‌ಪಿ 48, ಇಎಸ್‌ಆರ್ 40. ಎರಡರ ಪಕ್ಕದಲ್ಲೂ ನಕ್ಷತ್ರದ ಗುರುತು. ಜ್ವರ ಬಿಟ್ಟು ಮಗು ಶಾಲೆಗೆ ಹೊರಟರೂ ತಾಯ್ತಂದೆಯರ ಕಣ್ಣು ಆ ನಕ್ಷತ್ರಗಳ ಮೇಲೇ. ವಾರ ಬಿಟ್ಟು ಮತ್ತೆ ರಕ್ತ ಕೊಡಿಸಿದರೆ ಸಿಆರ್‌ಪಿ 3ಕ್ಕೆ ಇಳಿದಿದೆ, ಇಎಸ್‌ಆರ್ ಮಾತ್ರ 35ರಲ್ಲೇ ಕುಳಿತಿದೆ. ಯಾವುದನ್ನು ನಂಬುವುದು?

ಎರಡೂ ನಿಜವಿರಬಹುದು. ಅವುಗಳ ಗಡಿಯಾರಗಳು ಬೇರೆ ಬೇರೆ, ಅಷ್ಟೆ.

ಸಿಆರ್‌ಪಿ ಎಂಬುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಸುಮಾರು ಎರಡು ದಿನಕ್ಕೆ ಶಿಖರ ಮುಟ್ಟುತ್ತದೆ. ಕಾಯಿಲೆ ಇರಲಿ ಬಿಡಲಿ, ಸುಮಾರು 19 ಗಂಟೆಗೊಮ್ಮೆ ರಕ್ತದಲ್ಲಿರುವುದರ ಅರ್ಧದಷ್ಟು ಕರಗುತ್ತದೆ. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಹಾಕಿ ನೋಡಲಿ: ಯಕೃತ್ತು ತಯಾರಿಕೆ ನಿಲ್ಲಿಸಿದರೆ 48 ಇದ್ದದ್ದು 24, 12, 6, 3 ಆಗಲು 76 ಗಂಟೆ ಸಾಕು.

ಇಎಸ್‌ಆರ್ ಹಾಗಲ್ಲ. ಅದು ಯಾವುದೇ ವಸ್ತುವಿನ ಅಳತೆಯೇ ಅಲ್ಲ. ನೆಟ್ಟಗೆ ನಿಲ್ಲಿಸಿದ ಸಪೂರ ಕೊಳವೆಯಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಕೆಳಗಿಳಿದವು ಎಂಬುದಷ್ಟೇ ಲೆಕ್ಕ. ಉರಿಯೂತವಿದ್ದಾಗ ಫೈಬ್ರಿನೋಜೆನ್ ಹೆಚ್ಚಿ, ಕಣಗಳು ನಾಣ್ಯಗಳ ಹಾಗೆ ಒಂದರ ಮೇಲೊಂದು ಪೇರಿಕೊಂಡು ಬೇಗ ಇಳಿಯುತ್ತವೆ. ಫೈಬ್ರಿನೋಜೆನ್ ನಿಧಾನವಾಗಿ ಕರಗುವುದರಿಂದ ಜ್ವರ ಬಿಟ್ಟು ವಾರಗಳಾದರೂ ಇಎಸ್‌ಆರ್ ಮೇಲೆಯೇ ಇದ್ದೀತು. ರಕ್ತಹೀನತೆ, ಬಸಿರು, ಮುಪ್ಪು ಕೂಡ ಅದನ್ನು ಏರಿಸುತ್ತವೆ. ಕೊಳವೆ ತುಸು ವಾಲಿದರೂ ಅಂಕಿ ಬದಲು! ರಕ್ತಹೀನತೆ ಮನೆಮನೆಯ ಮಾತಾಗಿರುವ ನಮ್ಮಲ್ಲಿ ಇಎಸ್‌ಆರ್ ಒಂದನ್ನೇ ಹಿಡಿದು ಔಷಧಿ ಮುಂದುವರಿಸುವುದು ಸರಿಯಲ್ಲ.

ಹಾಗಾದರೆ ಆರೋಗ್ಯವಂತರ ಸಿಆರ್‌ಪಿ ವರ್ಷಗಟ್ಟಲೆ ಒಂದೇ ಸಮನಿರುತ್ತದೆಯೇ? ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 379 ಮಂದಿಯ ರಕ್ತವನ್ನು ಸರಾಸರಿ 12 ವರ್ಷಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಹೋಲಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಎರಡು ಅಳತೆಗಳ ಸಹಸಂಬಂಧ 0.59. ಪೂರ್ಣ ಹೊಂದಿಕೆಯಿದ್ದರೆ ಅದು 1 ಆಗಬೇಕು. ಕಡಿಮೆಯಾಯಿತೆಂದು ಮೂಗು ಮುರಿಯಬೇಡಿ. ನಾವು ಅಷ್ಟೊಂದು ನಂಬುವ ಕೊಲೆಸ್ಟರಾಲಿನದೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಗುಂಪಿಗೆ ಸಲ್ಲುವ ಮಾತು ಒಬ್ಬನ ಒಂದು ಚೀಟಿಗೆ ಸಲ್ಲುವುದಿಲ್ಲ. ನೆಗಡಿ, ವಸಡಿನ ಬಾವು, ಮೈಮುರಿಯುವ ಓಟ, ಯಾವುದಾದರೂ ಸಿಆರ್‌ಪಿಯನ್ನು ಕೆಲವು ದಿನ ಮೇಲೆತ್ತಬಹುದು. ಅದಕ್ಕೇ ಅಮೆರಿಕದ ಹೃದ್ರೋಗ ತಜ್ಞರು 2003ರಲ್ಲಿ, ಹೃದಯದ ಅಪಾಯ ತಿಳಿಯಲು ಸುಮಾರು ಎರಡು ವಾರ ಬಿಟ್ಟು ಎರಡು ಸಲ ಅಳೆದು ಸರಾಸರಿ ತೆಗೆಯಬೇಕೆಂದರು. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಆ ಅಂಕಿ ಬದಿಗಿಟ್ಟು, ಮೊದಲು ಸೋಂಕು ಹುಡುಕಬೇಕು.

ಇನ್ನು ಚೀಟಿಗಳನ್ನು ಹೋಲಿಸುವಾಗ ಅಳತೆಯ ಮಾನವನ್ನೂ ನೋಡಿ. ಒಂದು ಲ್ಯಾಬು ಲೀಟರಿನ ಲೆಕ್ಕದಲ್ಲಿ 12 ಎಂದು ಬರೆದದ್ದನ್ನೇ ಇನ್ನೊಂದು ಡೆಸಿಲೀಟರಿನ ಲೆಕ್ಕದಲ್ಲಿ 1.2 ಎಂದು ಬರೆಯುತ್ತದೆ.